ಹೆಂಡತಿಗೆಂದು ಕೊಂಡ ಕೋವಿ

ನಮ್ಮ ಬೇಟೆ ಬಿಡಾರದಲ್ಲಿ ಒಂದು ಪದ್ಧತಿ ಇದೆ. ಜಿಂಕೆಗೆ ಗುರಿಯಿಟ್ಟು ಗುಂಡು ತಪ್ಪಿಸಿದವನ ಅಂಗಿಯ ಹಿಂಬದಿಯನ್ನು ಆ ಸಂಜೆಯೇ ಕತ್ತರಿಸಿ, ಅದರ ಮೇಲೆ ಹೆಸರು ಮತ್ತು ಇಸವಿ ಬರೆದು, ಒಲೆಯ ಹಿಂದಿನ ಗೋಡೆಗೆ ಮೊಳೆ ಹೊಡೆಯುತ್ತಾರೆ. ಆ ಗೋಡೆಯ ಮೇಲೆ ಒಟ್ಟು ಇಪ್ಪತ್ತಾರು ತುಂಡುಗಳಿವೆ. ಅದರಲ್ಲಿ ಹತ್ತೊಂಬತ್ತು ನನ್ನವು. ಉಳಿದ ಏಳು ನನ್ನ ತಾತ, ಅಪ್ಪ, ಚಿಕ್ಕಪ್ಪಂದಿರು ಮತ್ತು ಅವರ ಮಕ್ಕಳೆಲ್ಲ ಸೇರಿ ಎಪ್ಪತ್ತು ವರ್ಷಗಳಲ್ಲಿ ಸಂಪಾದಿಸಿದ್ದು.

ನನ್ನ ಹೆಸರು ಮೇರಿಯನ್ ಹೋಸ್ಲರ್. ವಯಸ್ಸು ನಲವತ್ತೊಂಬತ್ತು. ಪೆನ್ಸಿಲ್ವೇನಿಯಾದ ಉತ್ತರದ ಗುಡ್ಡಗಳಲ್ಲಿ ಮನೆಗಳ ಬಾವಿ ಪಂಪು ರಿಪೇರಿ ಮಾಡುವುದು ನನ್ನ ಕಸುಬು. ಮೇರಿಯನ್ ಎನ್ನುವುದು ತಾತನ ಹೆಸರು. ಅವರ ಕಾಲದಲ್ಲಿ ಅದನ್ನು ಗಂಡಸರಿಗೂ ಇಡುತ್ತಿದ್ದರು, ಈಗ ಅದು ಹೆಂಗಸರ ಹೆಸರು. ಊರಿನವರು ದೊಡ್ಡ ಮನಸ್ಸು ಮಾಡಿ ನನ್ನನ್ನು ಬಡ್ ಎಂದು ಕರೆಯುತ್ತಾರೆ.

ಹನ್ನೆರಡನೇ ವಯಸ್ಸಿನಿಂದ ಮೂವತ್ತೇಳು ವರ್ಷ, ಒಂದೂ ಬಿಡದೆ, ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಮೇಲೆ ಬೇಟೆಗಾರರ ಕಿತ್ತಳೆ ಬಣ್ಣದ ಜಾಕೀಟು ತೊಟ್ಟು ಕಾಡಿಗೆ ಹೋಗಿದ್ದೇನೆ. ಹೋದ ವರ್ಷದ ತನಕ ನಾನು ಹೊಡೆದ ಜಿಂಕೆಗಳ ಸಂಖ್ಯೆ ಸೊನ್ನೆ. ನನ್ನ ವ್ಯಾನಿಗೆ ತಾನಾಗಿಯೇ ಬಂದು ಡಿಕ್ಕಿ ಹೊಡೆದದ್ದು ಒಂದಿದೆ, ಅದನ್ನು ಲೆಕ್ಕಕ್ಕೆ ಹಿಡಿಯಲು ಬಿಡಾರದವರು ಒಪ್ಪಲಿಲ್ಲ. ನೆಪ ಹೇಳುವುದರಲ್ಲಿ ಮಾತ್ರ ನನ್ನನ್ನು ಮೀರಿಸಿದವರಿಲ್ಲ. ಕೊಂಬೆ ಅಡ್ಡ ಬಂತು, ಗಾಳಿ ತಿರುಗಿತು, ಕನ್ನಡಕದ ಮೇಲೆ ಉಸಿರಿನ ಮಂಜು ಕಟ್ಟಿತು, ಜಿಂಕೆ ಅದೇ ಹೊತ್ತಿಗೆ ಸೀನಿತು. ಜಿಂಕೆ ಸೀನಿದ್ದನ್ನು ಅವರು ಈಗಲೂ ವರ್ಷಕ್ಕೊಮ್ಮೆ ನೆನಪು ಮಾಡಿಕೊಂಡು ನಗುತ್ತಾರೆ.

ನಿಜ ಸಂಗತಿ ಬೇರೆ. ನನಗೆ ಹನ್ನೆರಡು ತುಂಬಿದ ವರ್ಷ ಅಪ್ಪ ತಾತನ ದೊಡ್ಡ ಕೋವಿಯನ್ನು ನನ್ನ ಕೈಗೆ ಕೊಟ್ಟು, ಮರಳುಗುಂಡಿಯ ಹತ್ತಿರ ನಿಲ್ಲಿಸಿ, "ಹೊಡಿ" ಎಂದಿದ್ದರು. ಕೋವಿ ನನಗಿಂತ ಸ್ವಲ್ಪವೇ ಗಿಡ್ಡ. ಗುಂಡು ಮುಂದಕ್ಕೆ ಹೋಯಿತು, ನಾನು ಹಿಂದಕ್ಕೆ ಹೋದೆ. ಗುರಿ ನೋಡಲು ಕೋವಿಯ ಮೇಲೆ ಕೂರಿಸಿದ್ದ ದುರ್ಬೀನು ಬಂದು ಹುಬ್ಬಿಗೆ ಬಡಿದು ಐದು ಹೊಲಿಗೆ ಬಿದ್ದವು. ಆವತ್ತಿನಿಂದ ಟ್ರಿಗರ್ ಒತ್ತುವ ಒಂದು ಕ್ಷಣ ಮೊದಲು ನನ್ನ ಎರಡೂ ಕಣ್ಣು ಮುಚ್ಚಿಕೊಳ್ಳುತ್ತವೆ, ಭುಜ ಮುಂದಕ್ಕೆ ಕುಪ್ಪಳಿಸುತ್ತದೆ. ಮನಸ್ಸು ಬೇಡವೆಂದರೂ ಮೈ ಕೇಳುವುದಿಲ್ಲ. ಮೂವತ್ತೇಳು ವರ್ಷ ಕಣ್ಣು ಮುಚ್ಚಿಕೊಂಡು ಬೇಟೆಯಾಡಿದವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಇದನ್ನು ಯಾರಿಗೂ ಹೇಳಿರಲಿಲ್ಲ.

ಹೋದ ವರ್ಷ ಒಂದು ಹೆಣ್ಣು ಜಿಂಕೆ ನಲವತ್ತು ಹೆಜ್ಜೆ ದೂರದಲ್ಲಿ ಅಡ್ಡಲಾಗಿ ನಿಂತು, ಸುಮಾರು ಒಂದು ನಿಮಿಷ ನನ್ನನ್ನೇ ನೋಡಿತು. ನಾನು ಹೊಡೆದ ಗುಂಡು ಹತ್ತು ಹೆಜ್ಜೆ ಮುಂದಿನ ನೆಲಕ್ಕೆ ಬಿದ್ದು ಎಲೆ ಹಾರಿಸಿತು. ಜಿಂಕೆ ಓಡಲೂ ಇಲ್ಲ, ನಡೆದುಕೊಂಡು ಹೋಯಿತು. ಆ ರಾತ್ರಿ ಬಾಲ ಕಳೆದುಕೊಂಡ ಅಂಗಿಯಲ್ಲಿ ಮನೆಗೆ ಬಂದವನನ್ನು ನೋಡಿ ನನ್ನ ಹೆಂಡತಿ ಟ್ರೂಡಿ ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಅವಳು ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಊಟ ಬಡಿಸುವವಳು. ಸುಳ್ಳು ಅವಳ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

"ಈ ಸಲ ಏನಾಯ್ತು?" ಎಂದಳು.

"ಕೊಂಬೆ."

"ನೋಡಿ, ನೀವು ಸೋಡಾ ಡಬ್ಬಿ ತೆಗೆಯೋವಾಗ್ಲೂ ಕಣ್ಣು ಮುಚ್ಕೋತೀರ. ಟೋಸ್ಟ್ ಮೇಲಕ್ಕೆ ಹಾರೋವಾಗ್ಲೂ ಮುಚ್ಕೋತೀರ. ಕೋವಿ ಹೊಡೆಯೋವಾಗ ಮಾತ್ರ ತೆಕ್ಕೊಂಡಿರ್ತೀರ ಅಂತ ನಾನು ಯಾವತ್ತೂ ನಂಬಿಲ್ಲ."

ನಾನು ಕುರ್ಚಿಯ ಮೇಲೆ ಕುಳಿತು ಬೂಟು ಬಿಚ್ಚತೊಡಗಿದೆ. ಒಂದು ಬೂಟಿಗೆ ಬಹಳ ಹೊತ್ತು ಹಿಡಿಯಿತು.

"ಕಲಿತ್ಕೊಳ್ಳಿ," ಎಂದಳು. "ಚಿಕ್ಕದ್ರಿಂದ ಶುರು ಮಾಡಿ. ನನಗೆ ಅಂಗಿ ತಂದು ತಂದು ಸಾಕಾಗಿದೆ."

ಚಿಕ್ಕದು ಎಂದರೆ ಇಪ್ಪತ್ತೆರಡರ ಕೋವಿ. ನಮ್ಮ ಕಡೆ ಮಕ್ಕಳಿಗೆ ಮೊದಲು ಕೊಡುವುದೇ ಅದು. ಗುಂಡು ಪೆನ್ಸಿಲ್ ತುದಿಯ ರಬ್ಬರಿನಷ್ಟು. ಒದೆತ ಇಲ್ಲವೆಂದೇ ಹೇಳಬೇಕು, ಸದ್ದೂ ಕಡಿಮೆ, ಬೆಲೆಯೂ ಕಡಿಮೆ. ನಮ್ಮ ಊರಿನ ಅಂಗಡಿಯಲ್ಲಿ ಅದನ್ನು ಕೊಂಡರೆ ಸಂಜೆಯೊಳಗೆ ಬಿಡಾರದವರಿಗೆಲ್ಲ ಸುದ್ದಿ ಮುಟ್ಟುತ್ತದೆ. ಹಾಗಾಗಿ ಮಾರ್ಚ್ ತಿಂಗಳಲ್ಲಿ, ಪಂಪಿನ ಬಿಡಿಭಾಗ ತರುವ ನೆಪದಲ್ಲಿ, ಎರಡು ಜಿಲ್ಲೆ ದಾಟಿ ಒಂದು ಅಂಗಡಿಗೆ ಹೋದೆ.

ಅಂಗಡಿಯವನು ಬಿಳಿ ಗಡ್ಡದ, ನಿಧಾನವಾಗಿ ಮಾತಾಡುವ ಮನುಷ್ಯ. "ಯಾರಿಗೆ?" ಎಂದು ಕೇಳಿದ.

"ಹೆಂಡತಿಗೆ. ಹೊಸಬಳು. ಏನೂ ಗೊತ್ತಿಲ್ಲ ಅವಳಿಗೆ."

ಅವನು ಮೂರು ಕೋವಿ ತೆಗೆದು ಗಾಜಿನ ಮೇಲಿಟ್ಟ. "ಇವೆಲ್ಲ ಸೆಮಿ ಆಟೊಮ್ಯಾಟಿಕ್. ಒಂದು ಸಲ ಒತ್ತಿದ್ರೆ ಒಂದು ಗುಂಡು, ಮುಂದಿನ ಗುಂಡು ತಾನೇ ಬಂದು ಕೂತ್ಕೊಳ್ಳುತ್ತೆ. ಮತ್ತೆ ಮತ್ತೆ ಕೈಯಲ್ಲಿ ಎಳೀಬೇಕಾಗಿಲ್ಲ. ಹೊಸಬರಿಗೆ ಗಮನ ಎಲ್ಲಾ ಗುರಿ ಮೇಲೇ ಇರುತ್ತೆ. ಮರದ ಹಿಡಿಯದ್ದು ನೋಡೋಕೆ ಚೆನ್ನ, ಬೆಲೆ ಜಾಸ್ತಿ. ಈ ಪ್ಲಾಸ್ಟಿಕ್ಕಿನದು ಅಗ್ಗ, ಮಳೆಗೆ ಜಗ್ಗಲ್ಲ. ಇದ್ರಲ್ಲಿ ಹತ್ತು ಗುಂಡಿನ ಮ್ಯಾಗಜೀನು. ನಿಮ್ಮ ಹೆಂಡ್ತಿ ಎಷ್ಟು ಎತ್ತರ?"

ನಾನು ಇದನ್ನು ಯೋಚಿಸಿರಲಿಲ್ಲ. "ನನ್ನಷ್ಟೇ."

"ಕೈ ಉದ್ದ?"

"ನನ್ನಷ್ಟೇ."

"ಹಾಗಾದ್ರೆ ಒಂದ್ಸಲ ಭುಜಕ್ಕೆ ಇಟ್ಟು ನೋಡಿ."

ಅಗ್ಗದ ಕರಿ ಪ್ಲಾಸ್ಟಿಕ್ಕಿನದನ್ನು ತೆಗೆದು ಎಡಭುಜಕ್ಕೆ ಇಟ್ಟೆ. ಅವನು ಗಡ್ಡ ಕೆರೆದುಕೊಂಡ.

"ಅವರೂ ಎಡಗೈಯವರೇ?"

"ಹೌದು," ಎಂದೆ.

"ಒಳ್ಳೆ ಜೋಡಿ," ಎಂದು ಅರ್ಜಿಯ ಹಾಳೆಯನ್ನು ನನ್ನ ಕಡೆ ತಳ್ಳಿದ. ಅರ್ಜಿ ತುಂಬಿ, ಪೊಲೀಸರ ಕಡೆಯಿಂದ ಅಡ್ಡಿಯಿಲ್ಲವೆಂದು ಉತ್ತರ ಬರುವ ತನಕ ನಾನು ಗೋಡೆಗೆ ಅಂಟಿಸಿದ್ದ ಸತ್ತ ಮೀನಿನ ಚಿತ್ರಗಳನ್ನು ನೋಡುತ್ತಾ ನಿಂತಿದ್ದೆ. ಹೊರಡುವಾಗ ಅವನು ಒಂದು ಚೀಟಿ ಕೊಟ್ಟ. ಹತ್ತಿರದ ಶೂಟಿಂಗ್ ಕ್ಲಬ್ಬಿನಲ್ಲಿ ಹೊಸಬರಿಗೆ ಪ್ರತಿ ಶನಿವಾರ ಬೆಳಿಗ್ಗೆ ತರಗತಿ ಇದೆಯಂತೆ, ಹತ್ತು ವಾರ. "ನಿಮ್ಮ ಹೆಂಡ್ತಿಗೆ ಇದು ಸರಿಯಾಗುತ್ತೆ," ಎಂದ. ಚೀಟಿಯಲ್ಲಿದ್ದ ವಿಳಾಸಕ್ಕೆ ನನ್ನ ಪೂರ್ತಿ ಹೆಸರು ಬರೆದು ಅರ್ಜಿ ಹಾಕಿದೆ. ವಾರದೊಳಗೆ ಸ್ವಾಗತದ ಕಾಗದ ಬಂತು. ಎಚ್ಚರಿಕೆಯಿಂದ ಓದಿದ್ದರೆ ಮೇಲೆ ಅಚ್ಚಾಗಿದ್ದ ಸಾಲು ಕಣ್ಣಿಗೆ ಬೀಳುತ್ತಿತ್ತು.

ಮೊದಲ ಶನಿವಾರ ಕ್ಲಬ್ಬಿನ ಕೋಣೆಗೆ ಕಾಲಿಟ್ಟಾಗ ಒಳಗೆ ಒಂಬತ್ತು ಜನ ಹೆಂಗಸರು ಕಾಫಿ ಕುಡಿಯುತ್ತಾ ಕುಳಿತಿದ್ದರು. ಗಂಡಸರು ಇನ್ನೂ ಬರಬೇಕೇನೋ ಎಂದು ಮೂಲೆಯ ಕುರ್ಚಿ ಹಿಡಿದೆ. ಬಾಗಿಲು ಮುಚ್ಚಿತು. ಗುರುಗಳು ಬಂದು ಮುಂದೆ ನಿಂತರು. ವಿಲ್ಮಾ ಕ್ರೈಡರ್, ಅರವತ್ತು ದಾಟಿದ ಗಿಡ್ಡ ಹೆಂಗಸು, ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಕಾಗದ ವಿಂಗಡಿಸಿ ನಿವೃತ್ತರಾದವರು. ಹೆಸರು ಕೂಗುತ್ತಾ ಬಂದರು.

"ಮೇರಿಯನ್ ಹೋಸ್ಲರ್?"

ನಾನು ಕೈ ಎತ್ತಿದೆ. ವಿಲ್ಮಾ ಪಟ್ಟಿ ನೋಡಿದರು, ನನ್ನನ್ನು ನೋಡಿದರು, ಮತ್ತೆ ಪಟ್ಟಿ ನೋಡಿದರು.

"ಇದು ಹೆಂಗಸರ ತರಗತಿ," ಎಂದರು.

"ಗೊತ್ತಿರ್ಲಿಲ್ಲ, ಮೇಡಂ. ಹೊರಡ್ತೀನಿ."

ಮುಂದಿನ ಸಾಲಿನಲ್ಲಿ ಕುಳಿತಿದ್ದ ಮುದುಕಿ ತಿರುಗಿ ನೋಡಿದಳು. ಓಪಲ್ ಎಂದು ಹೆಸರು, ಎಪ್ಪತ್ತೊಂದು ವರ್ಷ. ತೋಟದ ಬೀನ್ಸ್ ತಿಂದು ಮುಗಿಸುವ ಹೆಗ್ಗಣದಂಥ ಕಾಡುಪ್ರಾಣಿಗಳ ಕಾಟಕ್ಕೆ ಬೇಸತ್ತು ಕೋವಿ ಕಲಿಯಲು ಬಂದವಳು. "ಇರ್ಲಿ ಬಿಡು ವಿಲ್ಮಾ," ಎಂದಳು. "ಗುರಿಗೆ ನಿಲ್ಲಿಸೋ ಆ ಕಬ್ಬಿಣದ ಹಲಗೆಗಳನ್ನ ಹೊರೋಕೆ ಒಬ್ಬರು ಬೇಕಲ್ಲ. ನೋಡಿದ್ರೆ ಅಷ್ಟೇನು ಅಪಾಯದ ಮನುಷ್ಯ ಅನ್ಸಲ್ಲ ಪಾಪ."

ಹಾಗೆ ನನಗೆ ಪ್ರವೇಶ ಸಿಕ್ಕಿತು. ಅಪಾಯವಿಲ್ಲದ ಗಂಡಸು ಎನ್ನುವ ಅರ್ಹತೆಯ ಮೇಲೆ.

ಮೊದಲ ಗಂಟೆ ಪೂರ್ತಿ ಕೋವಿ ಮುಟ್ಟದೆ ಪಾಠ. ಯಾವಾಗಲೂ ತುಂಬಿದೆ ಎಂದೇ ತಿಳಿಯಬೇಕು, ನಳಿಗೆ ಯಾವಾಗಲೂ ಗುರಿಯ ಕಡೆಗೇ ಇರಬೇಕು, ಹೊಡೆಯುವ ತನಕ ಬೆರಳು ಟ್ರಿಗರ್ ಮುಟ್ಟಬಾರದು. ಇವೆಲ್ಲ ನನಗೆ ಗೊತ್ತಿದ್ದದ್ದೇ. ನನ್ನ ಬದಿಯವರಿಗೆ ಒಂದೆರಡು ಸಲ ವಿವರಿಸಿಯೂ ಬಿಟ್ಟೆ. ಎರಡನೇ ಗಂಟೆ ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಹಾಕಿಸಿ ಸಾಲಾಗಿ ಕೂರಿಸಿದರು. ವಿಲ್ಮಾ ನನ್ನ ಮ್ಯಾಗಜೀನನ್ನು ತಾವೇ ತೆಗೆದುಕೊಂಡು, ನನಗೆ ಬೆನ್ನು ತಿರುಗಿಸಿ ಗುಂಡು ತುಂಬಿ ಕೊಟ್ಟರು. ಮಧ್ಯೆ ಮಧ್ಯೆ ಪ್ಲಾಸ್ಟಿಕ್ಕಿನ ನಕಲಿ ಗುಂಡು ಸೇರಿಸಿದ್ದು ನನಗೆ ತಿಳಿದಿರಲಿಲ್ಲ.

ಮೊದಲ ಗುಂಡು ಸಿಡಿಯಿತು. ಎರಡನೆಯದಕ್ಕೆ ಒತ್ತಿದೆ. ಟಿಕ್ ಎಂದಷ್ಟೇ ಕೇಳಿತು. ನಿಜವಾದ ಗುಂಡೇ ಇಲ್ಲದ ಕೋವಿಯ ನಳಿಗೆ, ಕೋಳಿ ಕಾಳು ಕುಕ್ಕಿದಂತೆ ನೆಲಕ್ಕೆ ಬಾಗಿತು. ನನ್ನ ಭುಜ ಮುಂದಕ್ಕೆ ಹಾರಿತು, ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ಸದ್ದಿದ್ದಾಗ ಯಾರಿಗೂ ಕಾಣದಿದ್ದದ್ದು ಸದ್ದಿಲ್ಲದಾಗ ಒಂಬತ್ತು ಜನರಿಗೂ ಕಂಡಿತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ನಗಿಸುವುದು ನನಗೆ ಅಭ್ಯಾಸವಿತ್ತು.

ವಿಲ್ಮಾ ನನ್ನ ಪಕ್ಕ ಮಂಡಿಯೂರಿ ಕುಳಿತು ಹುಬ್ಬಿನ ಗಾಯದ ಗುರುತು ನೋಡಿದರು. "ಎಷ್ಟನೇ ವಯಸ್ಸಲ್ಲಿ ಆಗಿದ್ದು?" ಎಂದು ಮೆಲ್ಲಗೆ ಕೇಳಿದರು.

"ಹನ್ನೆರಡು."

"ಯಾವ ಕೋವಿ?"

ಹೇಳಿದೆ. ಅವರು ತಲೆಯಾಡಿಸಿದರು. "ಅದು ದೊಡ್ಡವರ ಮೂಳೆಗೇ ಜಾಸ್ತಿ. ನೀವು ಹೆದರಿದ್ದು ಸರಿಯಾಗೇ ಇದೆ. ಮೈ ಅದನ್ನ ಮರ್ತಿಲ್ಲ ಅಷ್ಟೆ. ಈಗ ಅದಕ್ಕೆ ಬೇರೆ ಪಾಠ ಹೇಳ್ಕೊಡೋಣ. ಗುಂಡು ಇದ್ಯೋ ಇಲ್ವೋ ಅಂತ ಯೋಚಿಸ್ಬೇಡಿ. ಒತ್ತೋವಾಗ ಕಣ್ಣಿಗೆ ಏನು ಕಾಣ್ಸುತ್ತೋ ಅದನ್ನ ಬಾಯಿಬಿಟ್ಟು ಹೇಳ್ತಾ ಇರಿ."

ಆ ಬೇಸಿಗೆಯ ಹತ್ತು ಶನಿವಾರವೂ ನಾನು ಹೆಂಗಸರ ಸಾಲಿನ ತುದಿಯಲ್ಲಿ ಕುಳಿತು, "ಕರಿ ಚುಕ್ಕಿ, ಕರಿ ಚುಕ್ಕಿ, ಕರಿ ಚುಕ್ಕಿ," ಎಂದು ಗಟ್ಟಿಯಾಗಿ ಜಪಿಸುತ್ತಾ ಟ್ರಿಗರ್ ಒತ್ತಿದೆ. ಎರಡನೇ ವಾರ ಓಪಲ್ ಹತ್ತಕ್ಕೆ ಎಂಟು ಹಲಗೆ ಬೀಳಿಸಿದಳು, ನಾನು ಒಂದು. ಅದೂ ಪಕ್ಕದವರ ಹಲಗೆ. ಆದರೂ ಈ ಅಗ್ಗದ ಕೋವಿಯ ಗುಣ ನನಗೆ ಅಲ್ಲೇ ತಿಳಿದದ್ದು. ದೊಡ್ಡ ಕೋವಿಯಲ್ಲಿ ಐದು ಗುಂಡು ಹೊಡೆದರೆ ಭುಜ ನೋಯುತ್ತದೆ, ಗುಂಡಿನ ಪೆಟ್ಟಿಗೆ ನೋಡಿದರೆ ಎದೆ ನೋಯುತ್ತದೆ. ಇದರಲ್ಲಿ ಒಂದು ಬೆಳಿಗ್ಗೆಗೆ ಇನ್ನೂರು ಗುಂಡು ಹೊಡೆದೂ ಮನೆಗೆ ಬಂದು ಹುಲ್ಲು ಕತ್ತರಿಸಬಹುದಿತ್ತು. ಮೂವತ್ತೇಳು ವರ್ಷದಲ್ಲಿ ಹೊಡೆದದ್ದಕ್ಕಿಂತ ಹೆಚ್ಚು ಗುಂಡನ್ನು ನಾನು ಒಂದೇ ತಿಂಗಳಲ್ಲಿ ಹೊಡೆದೆ.

ಅದರದೂ ಒಂದು ಚಾಳಿ ಇತ್ತು. ಸುಟ್ಟ ಗುಂಡಿನ ಹಿತ್ತಾಳೆ ಕೊಳವೆಯನ್ನು ಅದು ಬಲಕ್ಕೆ ಉಗುಳುತ್ತದೆ. ಬಲಗೈಯವರಿಗೆ ಅದರಿಂದ ತೊಂದರೆಯಿಲ್ಲ. ಎಡಗೈಯವನ ಮುಖ ಮಾತ್ರ ಅದೇ ದಾರಿಯಲ್ಲಿ ಇರುತ್ತದೆ. ನಾಲ್ಕನೇ ವಾರ ಒಂದು ಬಿಸಿ ಕೊಳವೆ ಹಾರಿ ಬಂದು ನೇರವಾಗಿ ನನ್ನ ಅಂಗಿಯ ಕೊರಳೊಳಗೆ ಇಳಿಯಿತು. ಎದೆಯ ಮೇಲಿಂದ ಹೊಟ್ಟೆಗೆ, ಹೊಟ್ಟೆಯ ಮೇಲಿಂದ ಬೆಲ್ಟಿನ ಹತ್ತಿರಕ್ಕೆ. ನಾನು ಎದ್ದು ನಿಂತು ಕುಣಿದೆ. ಮಂಡಿ ಎತ್ತೆತ್ತಿ, ಸೊಂಟ ತಿರುಗಿಸಿ, ಬಾಯಲ್ಲಿ ಬರಬಾರದ ಮಾತೆಲ್ಲ ಬರಿಸುತ್ತಾ ಕುಣಿದೆ. ಹೆಂಗಸರು ಈ ಸಲ ನಕ್ಕರು, ಒಬ್ಬಾಕೆ ನೆಲಕ್ಕೆ ಕುಸಿದು ನಕ್ಕಳು. ಎಲ್ಲ ಮುಗಿದ ಮೇಲೆ ವಿಲ್ಮಾ ಹತ್ತಿರ ಬಂದರು. ಬೈಯುತ್ತಾರೆ ಎಂದುಕೊಂಡೆ.

"ಎಲ್ರೂ ನೋಡಿದ್ರಲ್ಲ," ಎಂದರು. "ಅಷ್ಟು ಕುಣಿದ್ರೂ ನಳಿಗೆ ಗುರಿ ಕಡೆಯಿಂದ ಆಚೀಚೆ ಆಗ್ಲಿಲ್ಲ. ಬೆರಳೂ ಹೊರಗೇ ಇತ್ತು. ಮೇರಿಯನ್‌ನ ನೋಡಿ ಕಲೀರಿ."

ಜೀವನದಲ್ಲಿ ಮೊದಲ ಬಾರಿ ಕೋವಿ ಹಿಡಿದು ಹೊಗಳಿಸಿಕೊಂಡದ್ದು ಅದು. ಹೊಟ್ಟೆಯ ಮೇಲೆ ಅವರೆಕಾಳಿನಷ್ಟು ಬೊಬ್ಬೆ ಎದ್ದಿತ್ತು.

ಏಳನೇ ವಾರ ಒಂದು ಟಿಕ್ ಸದ್ದಿಗೆ ನಳಿಗೆ ಅಲುಗಲಿಲ್ಲ. ಕರಿ ಚುಕ್ಕಿ ಇದ್ದಲ್ಲೇ ಇತ್ತು, ನನ್ನ ಕಣ್ಣು ಅದನ್ನೇ ನೋಡುತ್ತಿತ್ತು. ವಿಲ್ಮಾ ನನ್ನ ಬೆನ್ನ ಮೇಲೆ ಒಮ್ಮೆ ಕೈಯಿಟ್ಟು ಮುಂದಿನವರ ಹತ್ತಿರ ಹೋದರು. ನಾನು ಕನ್ನಡಕ ಒರೆಸಿಕೊಳ್ಳುವವನಂತೆ ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕುಳಿತೆ.

ಅಪ್ಪನಿಗೆ ಗೊತ್ತಾದದ್ದು ಆಗಸ್ಟಿನ ಒಂದು ಭಾನುವಾರ. ಡೆಲ್ಬರ್ಟ್ ಹೋಸ್ಲರ್ ಎಂದರೆ ಈ ಗುಡ್ಡಗಳಲ್ಲಿ ಗುರಿ ತಪ್ಪದ ಮನುಷ್ಯ. ಎಪ್ಪತ್ತೇಳು ವರ್ಷ, ಇನ್ನೂ ಯಾರ ಸಹಾಯವೂ ಬೇಡ ಎನ್ನುತ್ತಾರೆ. ಊಟಕ್ಕೆ ಬಂದವರು ಕೊಳಾಯಿ ಬಿಗಿಮಾಡಲು ಪಾನಾ ಬೇಕೆಂದು ನನ್ನ ವ್ಯಾನಿನ ಹಿಂಬಾಗಿಲು ತೆಗೆದರು. ಪಾನಾದ ಬದಲು ಉದ್ದನೆಯ ಚೀಲ ಹಿಡಿದುಕೊಂಡು ಒಳಗೆ ಬಂದು ಮೇಜಿನ ಪಕ್ಕ ನಿಂತರು. ಟ್ರೂಡಿ ಬೇಯಿಸಿದ ಹಂದಿಮಾಂಸ ಹೆಚ್ಚುತ್ತಿದ್ದಳು.

"ಈ ಆಟದ ಸಾಮಾನು ಯಾರ್ದೋ?"

"ಟ್ರೂಡಿದು," ಎಂದೆ.

"ನಂದಲ್ಲ ಮಾವ," ಎಂದಳು ಟ್ರೂಡಿ, ಕತ್ತಿಯಿಂದ ಕಣ್ಣೆತ್ತದೆ.

ಮತ್ತೇನು ಮಾಡುವುದು. ಎಲ್ಲವನ್ನೂ ಹೇಳಿದೆ. ಕಣ್ಣು ಮುಚ್ಚುವುದು, ಕೊಂಬೆ ಅಡ್ಡ ಬರದಿದ್ದದ್ದು, ಸೀನದ ಜಿಂಕೆ, ಹೆಂಗಸರ ತರಗತಿ. ಹೇಳುತ್ತಾ ಹೋದಂತೆ ನನಗೇ ನಗು ಬಂತು, ಅಪ್ಪನಿಗೆ ಬರಲಿಲ್ಲ. ಅವರು ಚೀಲದ ಜಿಪ್ಪು ಎಳೆದು ಮುಚ್ಚಿದರು. "ಗುಂಡು ತಗೊಂಡ್ಬಾ," ಎಂದು ಹೊರಗೆ ನಡೆದರು.

ಮರಳುಗುಂಡಿ ಮನೆಯ ಹಿಂದೆಯೇ ಇದೆ. ನಾನು ಖಾಲಿ ಡಬ್ಬಿಗಳನ್ನು ಸಾಲಾಗಿ ನಿಲ್ಲಿಸಿದೆ. ಅಪ್ಪ ಕೋವಿಯನ್ನು ಬಲಭುಜಕ್ಕೆ ಇಡಲು ಹೋಗಿ, ಮುಖ ಹಿಂಡಿ, ಸ್ವಲ್ಪ ಕೆಳಗೆ ಸರಿಸಿಕೊಂಡರು. ಆಗ ನನಗೆ ಹೊಳೆಯಿತು. ಭುಜದ ಶಸ್ತ್ರಚಿಕಿತ್ಸೆ ಆದ ಮೇಲೆ ಮೂರು ವರ್ಷದಿಂದ ಬೇಟೆಯ ದಿನಗಳಲ್ಲಿ ಅವರು ಬಿಡಾರ ಬಿಟ್ಟು ಹೊರಗೆ ಹೋಗಿರಲಿಲ್ಲ. ಮಂಡಿ ನೋವು ಎನ್ನುತ್ತಾ ಒಲೆಯ ಮುಂದೆ ಸೂಪು ಕುದಿಸುತ್ತಾ ಇದ್ದುಬಿಡುತ್ತಿದ್ದರು. ದೊಡ್ಡ ಕೋವಿಯನ್ನು ಮುಟ್ಟಿರಲಿಲ್ಲ.

ಹತ್ತು ಗುಂಡು ಹೊಡೆದರು. ಆರು ಡಬ್ಬಿ ಬಿದ್ದವು. ಮತ್ತೆ ತುಂಬು ಎಂದು ಮ್ಯಾಗಜೀನು ನನ್ನ ಕಡೆ ಚಾಚಿದರು. ಎರಡನೇ ಸಲಕ್ಕೆ ಒಂಬತ್ತು. "ಒದೆಯೋದೇ ಇಲ್ಲ ಇದು," ಎಂದು ಕೋವಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಡಬ್ಬಿಗಳ ಕಡೆ ನೋಡುತ್ತಲೇ ಹೇಳಿದರು, "ಆ ವರ್ಷ ಮನೇಲಿ ಇದ್ದಿದ್ದು ಅದೊಂದೇ ಕೋವಿ. ಹುಡುಗನಿಗೆ ಬೇಡ, ಅದು ದೊಡ್ಡದಾಯ್ತು ಅಂದ್ಲು ನಿಮ್ಮಮ್ಮ. ನಾನು ಕೇಳ್ಲಿಲ್ಲ."

ನಾನು ಗುಂಡು ತುಂಬುತ್ತಿದ್ದೆ.

"ನೀನು ಕಣ್ಣು ಮುಚ್ಚೋದು ನನಗೆ ಮೊದಲ ವರ್ಷದಿಂದ್ಲೂ ಗೊತ್ತು ಕಣೋ."

"ಮತ್ತೆ ಯಾಕೆ ಹೇಳ್ಲಿಲ್ಲಪ್ಪ?"

"ಹೇಳಿದ್ರೆ, ಅದು ಯಾರಿಂದ ಆಯ್ತು ಅಂತಾನೂ ಹೇಳ್ಬೇಕಾಗ್ತಿತ್ತು." ಅವರು ಮೂಗು ಒರೆಸಿಕೊಂಡರು. "ಅಂಗಿ ಕತ್ತರಿಸೋದು ಸುಲಭ ಇತ್ತು."

ನನಗೆ ಸಿಟ್ಟು ಬರಬೇಕಿತ್ತು. ಸ್ವಲ್ಪ ಬಂತು ಕೂಡ. ಆದರೆ ಆ ಹೊತ್ತಿಗೆ ಅವರು, ಕೊನೆಯ ಡಬ್ಬಿ ಯಾಕೆ ಬೀಳಲಿಲ್ಲ, ಗಾಳಿ ಇತ್ತೇ ಎಂದು ನನ್ನನ್ನು ಕೇಳುತ್ತಿದ್ದರು. ಗಾಳಿ ಇರಲಿಲ್ಲ. ಇತ್ತು ಎಂದು ಹೇಳಿದೆ. ಆ ವಿಷಯದಲ್ಲಿ ನನಗಿರುವಷ್ಟು ಅನುಭವ ಅವರಿಗಿರಲಿಲ್ಲ.

ಆ ನವೆಂಬರಿನಲ್ಲಿ ಬೇಟೆಯ ಮೊದಲ ದಿನ, ದೊಡ್ಡ ಕೋವಿ ಹಿಡಿದು ಹಳೆಯ ಓಕ್ ಮರದ ಬುಡದಲ್ಲಿ ಕುಳಿತಿದ್ದೆ. ಎಂಟು ಗಂಟೆಗೆ ಒಂದು ಗಂಡು ಜಿಂಕೆ ಬಂತು. ಎಲ್ಲವನ್ನೂ ವಿಲ್ಮಾ ಹೇಳಿದಂತೆಯೇ ಮಾಡಿದೆ. ಬಾಯೊಳಗೇ ಜಪಿಸಿದೆ. ಕಣ್ಣು ಮುಚ್ಚಲಿಲ್ಲ. ಗುಂಡು ಸಿಡಿಯಿತು, ಜಿಂಕೆಯ ಬೆನ್ನಿನ ಮೇಲಿಂದ ಹಾದು ಹಿಂದಿನ ಮರದ ತೊಗಟೆ ಹಾರಿಸಿತು. ನಾನು ಗುಂಡು ತಪ್ಪಿಸಿದ್ದನ್ನು ನಾನೇ ಕಣ್ಣಾರೆ ನೋಡಿದ್ದು ಅದೇ ಮೊದಲು.

ಸಂಜೆ ಬಿಡಾರದಲ್ಲಿ ಎಲ್ಲರೂ ಕುರ್ಚಿ ಎಳೆದುಕೊಂಡು ಕಾಯುತ್ತಿದ್ದರು. ಚಿಕ್ಕಪ್ಪನ ಮಗ ಡ್ವೇನ್ ಕತ್ತರಿ ಹಿಡಿದು ಸಿದ್ಧನಾಗಿದ್ದ. "ಹೇಳಪ್ಪ ಬಡ್, ಈ ಸಲ ಏನು ಅಡ್ಡ ಬಂತು?"

"ಏನೂ ಇಲ್ಲ. ಅರವತ್ತು ಹೆಜ್ಜೆ. ಭುಜದ ಹಿಂದೆ ಗುರಿ ಇಟ್ಟೆ. ಮೇಲಿಂದ ಹೋಯ್ತು."

ಟಿಕೇಟು ಕೊಂಡು ಬಂದವರಿಗೆ ಆಟ ರದ್ದಾಯಿತು ಎಂದಂತೆ ಅವರ ಮುಖಗಳಿದ್ದವು. ಅಪ್ಪ ಮಾತ್ರ ಸೂಪಿನ ಸೌಟು ಕೆಳಗಿಟ್ಟು ನನ್ನ ಪಕ್ಕ ಬಂದು ಕುಳಿತರು. "ಎಷ್ಟು ಮೇಲೆ?" ಎಂದು ಕೇಳಿದರು. ಒಂದು ಗೇಣು ಎಂದೆ. "ಹಾಗಾದ್ರೆ ದುರ್ಬೀನು ಸರಿಯಿಲ್ಲ. ನಾಳೆ ನೋಡೋಣ." ಮರುದಿನ ಭಾನುವಾರ ಬೆಳಿಗ್ಗೆ ರಟ್ಟಿನ ಪೆಟ್ಟಿಗೆ ನಿಲ್ಲಿಸಿ ಹೊಡೆದೆವು. ಅಪ್ಪ ದುರ್ಬೀನಿನ ತಿರುಪು ತಿರುಗಿಸುತ್ತಾ ಹೋದರು, ನಾನು ಹೊಡೆಯುತ್ತಾ ಹೋದೆ. ನಾಲ್ಕನೇ ಗುಂಡು ಇಟ್ಟ ಕಡೆಗೇ ಹೋಯಿತು.

ಸೋಮವಾರ ಒಂದು ಹೆಣ್ಣು ಜಿಂಕೆ ಹೊಡೆದೆ. ದೊಡ್ಡದೇನಲ್ಲ. ಹತ್ತಿರ ಹೋಗಿ ಅದರ ಪಕ್ಕ ಬಹಳ ಹೊತ್ತು ಕುಳಿತೆ. ಇಷ್ಟು ವರ್ಷ ಬೇಕೆಂದುಕೊಂಡದ್ದು ಇದೇ ಏನು ಎನಿಸಿತು, ಹೌದು ಎಂದೂ ಎನಿಸಿತು. ನಂತರ ಅದನ್ನು ರಸ್ತೆಯ ತನಕ ಎಳೆಯುವಾಗ ಸೊಂಟ ಹಿಡಿಯಿತು. ಅಭ್ಯಾಸವಿಲ್ಲವಲ್ಲ. ಜಿಂಕೆಯನ್ನು ಡ್ವೇನ್ ಹೊತ್ತುಕೊಂಡು ಬಂದ, ನನ್ನನ್ನು ಇನ್ನಿಬ್ಬರು.

ಹನ್ನೊಂದು ದಿನ ಹಾಸಿಗೆ ಹಿಡಿದಿದ್ದೆ. ಆರನೇ ದಿನ ವಿಲ್ಮಾ ಮತ್ತು ಓಪಲ್ ಬೇಯಿಸಿದ ಆಲೂಗಡ್ಡೆಯ ಪಾತ್ರೆ ತೆಗೆದುಕೊಂಡು ನೋಡಲು ಬಂದರು. ಅಪ್ಪ ಅವರಿಬ್ಬರಿಗೂ ಕುರ್ಚಿ ಹಾಕಿ, ಮುಂದಿನ ಬೇಸಿಗೆಯ ತರಗತಿಗೆ ಮುದುಕರನ್ನೂ ಸೇರಿಸಿಕೊಳ್ಳುತ್ತೀರೋ ಎಂದು ವಿಚಾರಿಸಿದರು. ನಾನು ದಿಂಬಿಗೆ ಒರಗಿ ನನ್ನ ಜಿಂಕೆಯ ಕಥೆ ಶುರು ಮಾಡಿದೆ. ದೂರ ನನ್ನ ಬಾಯಲ್ಲಿ ಎಂಬತ್ತು ಹೆಜ್ಜೆಗೆ ಏರುತ್ತಿದ್ದಂತೆ ಓಪಲ್ ಫೋನು ತೆಗೆದು ನನ್ನ ಎದೆಯ ಮೇಲಿಟ್ಟಳು. ಚಿತ್ರದಲ್ಲಿ ಎಂಟು ಕವಲಿನ ಕೋಡಿನ ಗಂಡು ಜಿಂಕೆಯೊಂದು ಅವಳ ಪಿಕಪ್ ಗಾಡಿಯ ಹಿಂಬದಿಯಲ್ಲಿ ಮಲಗಿತ್ತು.

"ಇದನ್ನ ಯಾರು ಎಳೆದು ತಂದ್ರು?" ಎಂದೆ.

"ಯಾರು ಅಂದ್ರೆ? ನಾನೇ," ಎಂದಳು ಓಪಲ್. "ನೀವು ಎದ್ದೇಳ್ಬೇಡಿ, ಆಲೂಗಡ್ಡೆ ಬಡಿಸ್ಕೊಡ್ತೀನಿ."